ಬಂಡೆಗೆ ಸರಿ, ಓತಿಕ್ಯಾತಕ್ಕೆ ಅಷ್ಟಕ್ಕಷ್ಟೆ: 12:1 ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್

ಟ್ರಿಗರ್ ಒತ್ತಿದರೆ ಕೆಂಪು ಚುಕ್ಕೆ ಬಿಟ್ಟು, ಅರೆಕ್ಷಣದಲ್ಲಿ ಪರದೆ ಮೇಲೆ ಡಿಗ್ರಿ ತೋರಿಸುವ ಈ ಗನ್ನನ್ನು ಹೆಚ್ಚಾಗಿ ಕೊಳ್ಳುವವರು ಎಸಿ ರಿಪೇರಿಯವರು, ಮೋಟಾರ್ ಮೆಕ್ಯಾನಿಕ್‌ಗಳು, ಬೇಕರಿಯವರು. ಬೆಲೆ ಸುಮಾರು ಸಾವಿರದಿಂದ ಎರಡು ಸಾವಿರ ರೂಪಾಯಿ. ಇಲ್ಲಿ ನೋಡುತ್ತಿರುವುದು ಬೇರೊಂದು ಉಪಯೋಗ: ದೇವರಾಯನದುರ್ಗ, ಮಧುಗಿರಿ, ಅಂತರಗಂಗೆ, ಸ್ಕಂದಗಿರಿಯಂಥ ಬಂಡೆ ಬೆಟ್ಟಗಳಲ್ಲಿ ಓತಿಕ್ಯಾತ, ಹಾವರಾಣಿ, ಹಲ್ಲಿಗಳ ದಿನಚರಿ ಗಮನಿಸುವವರಿಗೆ ಇದು ಎಷ್ಟು ಕೆಲಸಕ್ಕೆ ಬರುತ್ತದೆ? ಬಂಡೆಯ ಬಿಸಿ ತಿಳಿಯಲು ಈ ಬೆಲೆಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಓತಿಯ ಮೈಬಿಸಿ ತಿಳಿಯಲೆಂದೇ ಕೊಳ್ಳುವುದಾದರೆ ಬೇಡ. ಅದು ತೋರಿಸುವ ಅಂಕಿ ಬಹುಪಾಲು ಓತಿಯದಾಗಿರುವುದೇ ಇಲ್ಲ.

ಮೊಬೈಲಿನ ಹವಾಮಾನ ಆ್ಯಪ್ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಆ್ಯಪ್ ಹೇಳುವುದು ನೆರಳಿನಲ್ಲಿ, ಆಳೆತ್ತರದ ಆಸುಪಾಸಿನಲ್ಲಿರುವ ಗಾಳಿಯ ಉಷ್ಣತೆ. ಏಪ್ರಿಲ್ ಮಧ್ಯಾಹ್ನ ತುಮಕೂರಿಗೆ ಅದು 35 ಎಂದು ತೋರಿಸುವ ಹೊತ್ತಿನಲ್ಲಿ ಬಯಲು ಹಾಸುಬಂಡೆಯ ಮೈ 50 ದಾಟಿರುವುದು ಸಾಮಾನ್ಯ. ಅದೇ ಬಂಡೆಯ ಆಳವಾದ ಸಂದಿನಲ್ಲಿ ಗಾಳಿಗಿಂತಲೂ ತಂಪು. ಓತಿಗಳು ನಮ್ಮ ಹಾಗೆ ಒಳಗಿನಿಂದ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಒಂದೇ ಬಂಡೆಯಲ್ಲಿರುವ ಈ ಬಿಸಿ ತಂಪುಗಳ ನಡುವೆ ಜಾಗ ಬದಲಿಸುತ್ತಲೇ ಮೈಯನ್ನು ಹದದಲ್ಲಿ ಇಟ್ಟುಕೊಳ್ಳುತ್ತವೆ. ಹಗಲಲ್ಲಿ ಓಡಾಡುವ ಓತಿಗಳಲ್ಲಿ ಹಲವಕ್ಕೆ ಆ ಹದ 33ರಿಂದ 38 ಡಿಗ್ರಿ. ನಲವತ್ತು ದಾಟಿದರೆ ಕಷ್ಟ, ಇನ್ನು ನಾಲ್ಕೈದು ಡಿಗ್ರಿ ಏರಿದರೆ ಕಾಲು ಹಿಡಿತ ತಪ್ಪಿ, ನೆರಳು ಎದುರಿಗಿದ್ದರೂ ತಲುಪಲಾಗದ ಸ್ಥಿತಿ. ಆದ್ದರಿಂದ ಓತಿ ಎಲ್ಲಿದೆ, ಏಕೆ ಅಲ್ಲಿದೆ ಎಂಬುದಕ್ಕೆ ಉತ್ತರ ಸಿಗುವುದು ಜಾಗದಿಂದ ಜಾಗಕ್ಕೆ ಬದಲಾಗುವ ಬಂಡೆಯ ಬಿಸಿಯಲ್ಲಿ. ಗಾಳಿಯ ಒಂದೇ ಅಂಕಿಯಲ್ಲಿ ಅದಿಲ್ಲ. ಈ ಗನ್ನಿನ ನಿಜವಾದ ಉಪಯೋಗವೂ ಅಲ್ಲೇ.

ಮೊದಲು ಡಬ್ಬಿಯ ಮೇಲಿರುವ 12:1 ಎಂಬುದರ ಲೆಕ್ಕ. ಗನ್ನು ಅಳೆಯುವುದು ಕೆಂಪು ಚುಕ್ಕೆಯನ್ನಲ್ಲ, ಒಂದು ವೃತ್ತವನ್ನು. ದೂರವನ್ನು ಹನ್ನೆರಡರಿಂದ ಭಾಗಿಸಿದರೆ ಆ ವೃತ್ತದ ಅಡ್ಡಳತೆ ಬರುತ್ತದೆ. 24 ಸೆಂ.ಮೀ. ದೂರದಲ್ಲಿ 2 ಸೆಂ.ಮೀ., 60ರಲ್ಲಿ 5, 1.2 ಮೀಟರಿನಲ್ಲಿ 10, ಮೂರು ಮೀಟರಿನಲ್ಲಿ 25. ಹತ್ತಿರ ಹೋದಷ್ಟೂ ವೃತ್ತ ಚಿಕ್ಕದಾಗುತ್ತಲೇ ಹೋಗುತ್ತದೆ ಎಂದುಕೊಳ್ಳಬೇಡಿ. ಲೆನ್ಸಿನ ಮುಂದೆಯೇ ಅದಕ್ಕೊಂದು ಕನಿಷ್ಠ ಅಗಲವಿದೆ. ಅಂಕಿ ನಂಬಬೇಕಾದರೆ ಅಳೆಯುವ ವಸ್ತು ಈ ವೃತ್ತಕ್ಕಿಂತ ಎರಡು ಪಟ್ಟಾದರೂ ದೊಡ್ಡದಿರಬೇಕು.

ಈಗ ಬಂಡೆ ಓತಿಯನ್ನು ತೆಗೆದುಕೊಳ್ಳಿ. ಬೆನ್ನಿನ ಅಗಲ ಮೂರು ಸೆಂ.ಮೀ. ಆಸುಪಾಸು ಎಂದಿಟ್ಟುಕೊಂಡರೆ ವೃತ್ತ ಒಂದೂವರೆ ಸೆಂ.ಮೀ. ಇರಬೇಕು, ಅಂದರೆ 18 ಸೆಂ.ಮೀ. ದೂರದಿಂದ ಟ್ರಿಗರ್ ಒತ್ತಬೇಕು. ಮೈ ಕಾದ ಓತಿ ಅಷ್ಟು ಹತ್ತಿರ ಬಿಟ್ಟುಕೊಂಡರೆ ಕೇಳಿ! 1.2 ಮೀಟರಿನಿಂದ ಒತ್ತಿದರೆ ವೃತ್ತದ ವಿಸ್ತೀರ್ಣ ಸುಮಾರು 78 ಚದರ ಸೆಂ.ಮೀ. ಅದರಲ್ಲಿ ಓತಿಯ ಪಾಲು ಹೆಚ್ಚೆಂದರೆ ಮೂರನೇ ಒಂದು. ಓತಿ 36 ಡಿಗ್ರಿ, ಸುತ್ತಲ ಬಂಡೆ 50 ಇದ್ದರೆ ಪರದೆ ಮೇಲೆ ಬರುವುದು 45ರ ಸುಮಾರು. 45ರಲ್ಲಿ ಓತಿ ಬದುಕುವುದೇ ಕಷ್ಟ. ಆದರೂ ‘ಓತಿಯ ಮೈ 45 ಡಿಗ್ರಿ ಇತ್ತು’ ಎಂಬ ಟಿಪ್ಪಣಿಗಳು ಫೋಟೋ ಸಮೇತ ಬರುತ್ತಲೇ ಇರುತ್ತವೆ. ಅದನ್ನು ನೋಡಿದೊಡನೆ ಎಷ್ಟು ದೂರದಿಂದ ಎಂದು ಕೇಳಿ.

ಚುಕ್ಕೆಯದು ಇನ್ನೊಂದು ತಕರಾರು. ಲೇಸರ್ ಇರುವುದು ಲೆನ್ಸಿನ ಮೇಲೆ ಅಥವಾ ಪಕ್ಕದಲ್ಲಿ, ಲೆನ್ಸಿನ ನೇರಕ್ಕಲ್ಲ. ಅರ್ಧ ಮೀಟರಿನೊಳಗೆ ಚುಕ್ಕೆ ಒಂದು ಕಡೆ, ಅಳೆಯುವ ವೃತ್ತ ಒಂದೆರಡು ಸೆಂ.ಮೀ. ಇನ್ನೊಂದು ಕಡೆ. ನಿಮ್ಮ ಗನ್ನಿನಲ್ಲಿ ಎಷ್ಟು ತಪ್ಪಿದೆ ಎಂದು ನೋಡಲು ಬಿಸಿ ಕಾಫಿ ತುಂಬಿದ ಪಿಂಗಾಣಿ ಲೋಟವನ್ನು ತಣ್ಣನೆ ಗೋಡೆಯ ಮುಂದಿಟ್ಟು, ಟ್ರಿಗರ್ ಹಿಡಿದೇ ಚುಕ್ಕೆಯನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಅಂಕಿ ಅತಿ ಹೆಚ್ಚು ಬಂದಾಗ ಚುಕ್ಕೆ ಎಲ್ಲಿತ್ತೋ ಅದನ್ನು ನೆನಪಿಡಿ. ಸ್ಟೀಲ್ ಲೋಟದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಕಾರಣ ಮುಂದಿದೆ. ಪ್ರಾಣಿಯ ಕಡೆ ತಿರುಗಿಸುವಾಗ ಲೇಸರ್ ಆರಿಸಿಡಿ. ಹೆಚ್ಚಿನ ಗನ್‌ಗಳಲ್ಲಿ ಅದಕ್ಕೆ ಬೇರೆ ಗುಂಡಿ ಇದೆ. ಒಂದು ಮಿಲಿವಾಟ್ ಒಳಗಿನ ಲೇಸರ್ ಆದರೂ ಕಣ್ಣಿಗೆ ಬೀಳಬಾರದು, ಓತಿಯದಾದರೂ ಅಷ್ಟೆ, ಎದುರಿಗಿರುವ ಮನುಷ್ಯರದಾದರೂ ಅಷ್ಟೆ.

ಬಂಡೆಗೆ ಬಂದರೆ ಗನ್ನು ಮರ್ಯಾದೆ ಉಳಿಸಿಕೊಳ್ಳುತ್ತದೆ. ವಸ್ತು ಸೂಸುವ ಶಾಖಕಿರಣವನ್ನು ಹಿಡಿದು, ಅದರ ‘ಎಮಿಸಿವಿಟಿ’ಗೆ, ಅಂದರೆ ಆ ಬಿಸಿಯಲ್ಲಿ ಸೂಸಬಹುದಾದ ಗರಿಷ್ಠ ಕಿರಣದಲ್ಲಿ ಅದು ಎಷ್ಟು ಪಾಲು ಸೂಸುತ್ತದೆ (ಪೂರ್ತಿಯಾದರೆ 1) ಎಂಬುದಕ್ಕೆ ತಕ್ಕಂತೆ ಇದು ಲೆಕ್ಕ ಹಾಕುತ್ತದೆ. ಅಗ್ಗದ ಗನ್‌ಗಳಲ್ಲಿ ಎಮಿಸಿವಿಟಿ 0.95ಕ್ಕೆ ಕಟ್ಟಿಹಾಕಿರುತ್ತದೆ. ನಮ್ಮ ಕಡೆಯ ಒರಟು ಗ್ರಾನೈಟ್, ಕಲ್ಲುಹೂವು ಹತ್ತಿದ ಬಂಡೆ, ಮಣ್ಣು, ಒಣ ಎಲೆ, ಓತಿಯ ಚರ್ಮ, ಇವೆಲ್ಲ 0.9ರ ಮೇಲೆಯೇ ಇರುವುದರಿಂದ ತೊಂದರೆಯಿಲ್ಲ. ಅಂತರ್ಜಾಲದ ಕೆಲವು ಪಟ್ಟಿಗಳಲ್ಲಿ ಗ್ರಾನೈಟ್‌ಗೆ 0.45 ಎಂದಿದೆ. ಅದನ್ನು ನಂಬಿ, ಬದಲಿಸಬಹುದಾದ ಗನ್ನಿನಲ್ಲಿ 0.45 ಹಾಕಿದರೆ, ಕಾದ ಬಂಡೆ ಇರುವುದಕ್ಕಿಂತ ಹತ್ತು ಡಿಗ್ರಿಗೂ ಮೀರಿ ಹೆಚ್ಚು ತೋರಿಸುತ್ತದೆ. ಬೆಟ್ಟದ ಬಂಡೆಗೆ 0.95 ಹಾಗೇ ಇರಲಿ.

ಆದರೆ ತೆರೆದ ಆಕಾಶದ ಕೆಳಗೆ ಒಂದು ಸಣ್ಣ ಮೋಸ ನಡೆಯುತ್ತದೆ. ಬಂಡೆ ತಾನು ಸೂಸುವುದರ ಜೊತೆಗೆ ಮೇಲಿನ ಆಕಾಶವನ್ನೂ ಸ್ವಲ್ಪ ಪ್ರತಿಫಲಿಸುತ್ತದೆ. ಮೋಡವಿಲ್ಲದ ಆಕಾಶ ಇನ್‌ಫ್ರಾರೆಡ್ ಕಣ್ಣಿಗೆ ಬಹಳ ತಣ್ಣಗೆ ಕಾಣುತ್ತದೆ. ಗನ್ನನ್ನೇ ಮೇಲಕ್ಕೆ ತಿರುಗಿಸಿ ನೋಡಿ, ಸುಡುಬಿಸಿಲಿನಲ್ಲೂ ಸೊನ್ನೆಗಿಂತ ಕೆಳಗಿನ ಅಂಕಿ ಬಂದರೆ ಆಶ್ಚರ್ಯಪಡಬೇಡಿ (ಸೂರ್ಯನ ಕಡೆ ಮಾತ್ರ ಹಿಡಿಯಬೇಡಿ, ಸೆನ್ಸರ್ ಹಾಳಾಗುತ್ತದೆ). ಹೀಗಾಗಿ ಬಂಡೆಯ ಎಮಿಸಿವಿಟಿ ನಿಜಕ್ಕೂ 0.90 ಇದ್ದರೆ 50 ಡಿಗ್ರಿಯ ಬಂಡೆ ಮೂರರಿಂದ ಐದು ಡಿಗ್ರಿ ಕಡಿಮೆ ತೋರಿಸಬಹುದು. ಪರಿಹಾರ ಸುಲಭ. ಎಲೆಕ್ಟ್ರಿಷಿಯನ್‌ಗಳ ಕಪ್ಪು ಇನ್ಸುಲೇಷನ್ ಟೇಪನ್ನು ಪಕ್ಕಪಕ್ಕಕ್ಕೆ ನಾಲ್ಕು ಬೆರಳಗಲ ಬರುವಂತೆ ಬಂಡೆಗೆ ಒತ್ತಿ ಅಂಟಿಸಿ, ಟೇಪನ್ನೂ ಪಕ್ಕದ ಬಂಡೆಯನ್ನೂ ಒಂದೇ ಉಸಿರಿನಲ್ಲಿ ಅಳೆಯಿರಿ. ವ್ಯತ್ಯಾಸವೇ ಆ ಬಂಡೆಯ ತಿದ್ದುಪಡಿ. ಇದನ್ನು ಬಿಸಿಲಿನಲ್ಲಿ ಮಾಡಿದರೆ ಟೇಪು ಕಪ್ಪಗಿರುವುದರಿಂದ ಬಂಡೆಗಿಂತ ಹೆಚ್ಚು ಕಾದು ಲೆಕ್ಕ ಕೆಡುತ್ತದೆ. ಕೊಡೆ ಹಿಡಿದು ನಾಲ್ಕೈದು ನಿಮಿಷ ನೆರಳು ಮಾಡಿ ಆಮೇಲೆ ಅಳೆಯಿರಿ. ಕೊಡೆಯೇ ಆಕಾಶವನ್ನೂ ಮರೆಮಾಡುತ್ತದೆ ಎಂಬುದು ನೆನಪಿರಲಿ. ಆದ್ದರಿಂದ ಕೊನೆಯ ಕ್ಷಣದಲ್ಲಿ ಕೊಡೆ ಸರಿಸಿ ಎರಡೂ ಅಂಕಿ ತೆಗೆದುಕೊಳ್ಳಬೇಕು. ಕೆಲಸ ಮುಗಿದ ಮೇಲೆ ಟೇಪು ಕಿತ್ತು ಜೇಬಿಗೆ ಹಾಕಿಕೊಳ್ಳಿ, ಬೆಟ್ಟದಲ್ಲಿ ಬಿಡಬೇಡಿ.

ಗನ್ನನ್ನು ಬಂಡೆಗೆ ಆದಷ್ಟು ನೇರವಾಗಿ ಹಿಡಿಯಬೇಕು. ಓರೆ 45 ಡಿಗ್ರಿ ಮೀರಿದಷ್ಟೂ ವೃತ್ತ ಉದ್ದಕ್ಕೆ ಎಳೆದುಕೊಂಡು, ಪ್ರತಿಫಲನವೂ ಏರುತ್ತದೆ. ಕಾಗೆಬಂಗಾರ ಮಿನುಗುವ ಪಟ್ಟೆ, ಪಾಲಿಶ್ ಮಾಡಿದ ಕಲ್ಲು, ಸತುವಿನ ಶೀಟು, ಸ್ಟೀಲು ಇವುಗಳ ಮೇಲೆ ಅಂಕಿ ಸುಳ್ಳು. ಹೊಳೆಯುವ ಲೋಹ ತನ್ನ ಬಿಸಿ ತೋರಿಸದೆ ಎದುರಿಗಿರುವುದರ ಬಿಸಿಯನ್ನು ಕನ್ನಡಿಯಂತೆ ತೋರಿಸುತ್ತದೆ. ಒದ್ದೆ ಬಂಡೆಯ ಅಂಕಿ ಮಾತ್ರ ನಿಜವೇ. ನೀರು ಆರುತ್ತಾ ಬಂಡೆಯನ್ನು ತಂಪು ಮಾಡುವುದರಿಂದ ಕಡಿಮೆ ಬರುತ್ತದೆ ಅಷ್ಟೆ. ಅಂತರಗಂಗೆಯ ಜಿನುಗಿನ ಪಕ್ಕದ ಬಂಡೆಗೂ ಹತ್ತು ಹೆಜ್ಜೆ ಆಚೆಯ ಒಣ ಬಂಡೆಗೂ ಇರುವ ಅಂತರ ಹೀಗೆ ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಏಪ್ರಿಲ್‌ನಲ್ಲಿ ಕಾಡುವ ದೊಡ್ಡ ದೋಷ ಬೇರೆಯೇ. ಗನ್ನು ಕೆಲಸ ಮಾಡಬೇಕಾದ ಸುತ್ತಲಿನ ಉಷ್ಣತೆಯ ಮಿತಿ ಹೆಚ್ಚಿನ ಮಾದರಿಗಳಲ್ಲಿ 40 ಡಿಗ್ರಿ. ಅದನ್ನು ಕಾದ ಬಂಡೆ ಮೇಲೆ ಇಟ್ಟು ನೀರು ಕುಡಿಯಲು ಕುಳಿತರೆ ಒಳಗಿನ ಸೆನ್ಸರ್ ಬೆಂದು, ಮುಂದಿನ ಅಂಕಿಗಳೆಲ್ಲ ದಾರಿ ತಪ್ಪುತ್ತವೆ. ಎಸಿ ಕಾರಿನಿಂದ ಇಳಿದ ಕೂಡಲೇ ಅಳೆದರೂ ಹಾಗೇ. ಗನ್ನಿನ ಮೈ ಹೊರಗಿನ ಗಾಳಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಬಟ್ಟೆ ಚೀಲದಲ್ಲಿ ಹಾಕಿ ಮೈಗೆ ತಾಗದಂತೆ ನೆರಳಿನಲ್ಲಿ ತೂಗುಹಾಕಿಕೊಳ್ಳುವುದು ಕ್ಷೇಮ. ಬೆಳಗಿನ ಜಾವ ನಂದಿಬೆಟ್ಟದ ಮಂಜಿನಲ್ಲಿ ಲೆನ್ಸಿಗೆ ತೇವ ಕೂತರೆ ಉಜ್ಜಬೇಡಿ. ಆರಲು ಬಿಡಿ, ಧೂಳಿದ್ದರೆ ರಬ್ಬರ್ ಬಲ್ಬಿನಿಂದ ಊದಿ.

ಕರಾರುವಾಕ್ಕು ಎಷ್ಟು? ಡಬ್ಬಿ ಮೇಲೆ ಸಾಮಾನ್ಯವಾಗಿ ±2 ಡಿಗ್ರಿ ಅಥವಾ ±2% ಎಂದಿರುತ್ತದೆ. ಪರದೆ 0.1 ತನಕ ತೋರಿಸುತ್ತದೆ ಎಂದು ಮರುಳಾಗಬೇಡಿ, ದಶಮಾಂಶದ ಅಂಕಿಗೆ ಇಲ್ಲಿ ಬೆಲೆಯಿಲ್ಲ. ಮನೆಯಲ್ಲೇ ಪರೀಕ್ಷಿಸಲು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬದಲ್ಲಿ ಜಜ್ಜಿದ ಐಸು ತುಂಬಿ, ಮುಳುಗುವಷ್ಟು ತಣ್ಣೀರು ಹಾಕಿ, ಎರಡು ನಿಮಿಷ ಕಲಸಿ, ಒಂದು ಗೇಣು ಮೇಲಿಂದ ನೇರವಾಗಿ ಅಳೆಯಿರಿ. ಸೊನ್ನೆಯಿಂದ ಒಂದೆರಡು ಡಿಗ್ರಿಯೊಳಗಿರಬೇಕು. ಕುದಿಯುವ ನೀರಿನ ಪರೀಕ್ಷೆ ಬೇಡ. ಹಬೆ ಲೆನ್ಸಿಗೆ ಕೂರುತ್ತದೆ, ಅದೂ ಅಲ್ಲದೆ ತುಮಕೂರು, ಕೋಲಾರಗಳು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವುದರಿಂದ ನೀರು ಕುದಿಯುವುದು 97ರ ಸುಮಾರಿಗೆ, 1,478 ಮೀಟರಿನ ನಂದಿಯಲ್ಲಿ 95ಕ್ಕೆ. ‘100 ತೋರಿಸಲಿಲ್ಲ, ಗನ್ನು ಕೆಟ್ಟಿದೆ’ ಎಂಬ ದೂರುಗಳಲ್ಲಿ ಕೆಲವಕ್ಕಾದರೂ ಇದೇ ಮೂಲ. ಓತಿ ನೋಡುವವರಿಗೆ ಬೇಕಾದದ್ದು 25ರಿಂದ 55ರ ನಡುವಿನ ನಂಬಿಕೆ. ಅದಕ್ಕೆ ಉಗುರುಬೆಚ್ಚಗಿನ ನೀರಿಗೂ 45 ಡಿಗ್ರಿಯ ನೀರಿಗೂ ಗಾಜಿನ ಥರ್ಮಾಮೀಟರ್ ಮುಳುಗಿಸಿ, ಕಲಕುತ್ತಾ ಹೋಲಿಸಿ ನೋಡಿ. ಆವಿಯಾಗುವ ನೀರಿನ ಮೇಲ್ಪದರ ಒಳಗಿಗಿಂತ ಒಂದು ಡಿಗ್ರಿ ತಣ್ಣಗಿರುವುದು ಸಹಜ.

ಇಷ್ಟಾದ ಮೇಲೆ ಬೆಟ್ಟದಲ್ಲಿ ಬಳಸುವ ಬಗೆ. ಒಂದೇ ದೊಡ್ಡ ಗುಂಡುಬಂಡೆಯನ್ನು ಆರಿಸಿಕೊಂಡು ಪೂರ್ವದ ಮೈ, ನೆತ್ತಿ, ಪಶ್ಚಿಮದ ಮೈ, ಬುಡದ ನೆರಳು, ಪಕ್ಕದ ಮಣ್ಣು, ಈ ಐದು ಕಡೆ ಸೀಮೆಸುಣ್ಣದಿಂದ ಗುರುತು ಮಾಡಿ, ಪ್ರತಿ ಅರ್ಧ ಗಂಟೆಗೆ ಒಂದು ಸುತ್ತು. ದೂರ ಯಾವಾಗಲೂ 30 ಸೆಂ.ಮೀ. ಓತಿ ಕಂಡರೆ ಅದು ಕೂತ ಜಾಗವನ್ನು ನೆನಪಿಟ್ಟುಕೊಂಡು, ಅದು ತಾನಾಗಿ ಎದ್ದು ಹೋದ ಮೇಲೆ ಅಲ್ಲಿಗೆ ಹೋಗಿ ಬಂಡೆಯನ್ನು ಅಳೆಯಿರಿ. ಓತಿಯನ್ನು ಅಟ್ಟಿ ಅಳೆಯುವುದಕ್ಕಿಂತ ಇದರಿಂದ ಸಿಗುವ ಮಾಹಿತಿ ಎಷ್ಟೋ ಮೇಲು. ಅಂಕಿಯ ಪಕ್ಕದಲ್ಲಿ ಮೈಯ ಭಂಗಿಯನ್ನೂ ಬರೆದುಕೊಳ್ಳಿ, ಏಕೆಂದರೆ ಗನ್ನು ಹೇಳದ್ದನ್ನು ಭಂಗಿ ಹೇಳುತ್ತದೆ. ಬೆಳಗಿನ ಎಳೆಬಿಸಿಲಿಗೆ ಮೈ ಚಪ್ಪಟೆ ಮಾಡಿ, ಹೊಟ್ಟೆಯನ್ನು ಬಂಡೆಗೆ ಅಂಟಿಸಿ, ಬೆನ್ನನ್ನು ಸೂರ್ಯನಿಗೆ ಅಡ್ಡಲಾಗಿ ಕೊಟ್ಟು ಕೂತರೆ ಇನ್ನೂ ಕಾಯಿಸಿಕೊಳ್ಳುತ್ತಿದೆ. ಹೊತ್ತೇರಿದ ಮೇಲೆ ಮುಂಗಾಲು ಊರಿ ಎದೆ ಎತ್ತಿ, ಬೆರಳುಗಳನ್ನೂ ಮೇಲೆತ್ತಿ, ಮುಖವನ್ನು ಸೂರ್ಯನ ಕಡೆಗೇ ತಿರುಗಿಸಿದರೆ ಬಿಸಿಲು ತಾಗುವ ಮೈ ಕಡಿಮೆಯಾಗುತ್ತದೆ, ಬಂಡೆಗೆ ಅಂಟಿದ ಕಾದ ಗಾಳಿಯ ಪದರದಿಂದ ಹೊಟ್ಟೆ ಮೇಲೇಳುತ್ತದೆ. ಬಾಯಿ ತೆರೆದಿದ್ದರೆ ಮಿತಿ ಹತ್ತಿರವಾಗಿದೆ. ಅದರಾಚೆಗೆ ನೆರಳು ಅಥವಾ ಸಂದು.

ಬಣ್ಣವನ್ನು ಮಾತ್ರ ಥರ್ಮಾಮೀಟರ್ ಎಂದುಕೊಳ್ಳಬೇಡಿ. ತಣ್ಣಗಿರುವಾಗ ಕಪ್ಪೇರಿ, ಕಾದ ಮೇಲೆ ತಿಳಿಯಾಗುವ ಓತಿಗಳು ಹಲವಿವೆ, ನಿಜ. ಆದರೆ ನಮ್ಮ ಬಂಡೆ ಓತಿಯ ಗಂಡು ಹೆಣ್ಣನ್ನು ಕಂಡಾಗ ಒಂದು ಬಗೆಯ, ಎದುರಾಳಿ ಗಂಡನ್ನು ಕಂಡಾಗ ಇನ್ನೊಂದು ಬಗೆಯ ಬಣ್ಣ ತಳೆಯುತ್ತದೆ, ಅದೂ ನೋಡನೋಡುತ್ತಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಅಳೆದು ತೋರಿಸಿದ್ದಾರೆ.

ಅರ್ಧ ಗಂಟೆಗೊಮ್ಮೆಯ ಈ ಸುತ್ತನ್ನು ಬೇಸಿಗೆಯಲ್ಲೊಮ್ಮೆ, ಮಾಗಿಯಲ್ಲೊಮ್ಮೆ ಮಾಡಿ ಹೋಲಿಸಿದರೆ ಕೊಟ್ಟ ದುಡ್ಡು ಸಾರ್ಥಕ. ಬೇಸಿಗೆಯಲ್ಲಿ ಓಡಾಟಕ್ಕೆ ಬೆಳಗ್ಗೆ ಒಂದು, ಇಳಿಹೊತ್ತಿನಲ್ಲಿ ಒಂದು ಹೀಗೆ ಎರಡು ಹೊತ್ತು, ನಡುವೆ ಬಯಲು ಬಂಡೆ ಖಾಲಿ. ಡಿಸೆಂಬರ್–ಜನವರಿಯಲ್ಲಿ ಆ ಎರಡೂ ಸೇರಿ ನಡುಹಗಲಿನ ಒಂದೇ ಹೊತ್ತಾಗುತ್ತದೆ. ಬಿಸಿಲು ಬಿದ್ದ ಕೂಡಲೇ ಓತಿ ಹೊರಬರದಿರುವುದಕ್ಕೂ ಬಂಡೆಯೇ ಕಾರಣ: ರಾತ್ರಿಯೆಲ್ಲ ತಣಿದ ಗುಂಡು ಕಾಯಲು ಹೊತ್ತು ಬೇಕು. ತಣ್ಣಗಿನ ಓತಿಗೆ ಓಟದ ವೇಗವಿಲ್ಲ, ತಿಂದದ್ದೂ ಬೇಗ ಅರಗುವುದಿಲ್ಲ. ಮೈ ತಣ್ಣಗಿರುವಾಗ ಓಡುವ ಬದಲು ನಿಂತು ಬಾಯಿ ತೆರೆದು ಎದುರಿಸುವ ಸ್ವಭಾವ ಕೆಲವು ಓತಿಗಳಲ್ಲಿ ದಾಖಲಾಗಿದೆ. ಹಾಗಾಗಿ ಚಳಿಗಾಲದ ಬೆಳಗ್ಗೆ ಓತಿ ಹತ್ತಿರ ಬಿಟ್ಟುಕೊಂಡಿತೆಂದರೆ ಅದನ್ನು ಸಾಧು ಎಂದುಕೊಳ್ಳಬೇಡಿ.

ಗನ್ನಿನ ಕೈಗೆ ಸಿಗದ ಜಾಗ ಸಂದಿನ ಒಳಗು. ಅದು ನೋಡುವುದು ಬಾಯಿಯ ಹತ್ತಿರದ ಗೋಡೆಯನ್ನಷ್ಟೆ. ಗ್ರಾನೈಟ್‌ನಲ್ಲಿ ಹಗಲು ರಾತ್ರಿಯ ಬಿಸಿಯ ಏರಿಳಿತ ಒಂದು ಗೇಣು ಆಳಕ್ಕೆ ಹೋಗುವಷ್ಟರಲ್ಲಿ ಮೇಲಿನದರ ಮೂರನೇ ಒಂದರಷ್ಟಕ್ಕೆ ಕುಗ್ಗುತ್ತದೆ, ಅದೂ ಗಂಟೆಗಟ್ಟಲೆ ತಡವಾಗಿ. ಆದ್ದರಿಂದಲೇ ತೆಳು ಚಪ್ಪಡಿಯ ಅಡಿ ಮಧ್ಯಾಹ್ನ ಸುಡುತ್ತದೆ, ರಾತ್ರಿ ತಣ್ಣಗೆ ಕೊರೆಯುತ್ತದೆ. ದಪ್ಪ ಬಂಡೆಯ ಅಡಿ ಎರಡೂ ಹೊತ್ತು ಹಿತ. ಕ್ಯಾಲಿಫೋರ್ನಿಯಾದ ಗಾರ್ಟರ್ ಹಾವುಗಳ ಮೇಲೆ ನಡೆದ ಅಧ್ಯಯನದಲ್ಲಿ ಅವು 20ರಿಂದ 40 ಸೆಂ.ಮೀ. ದಪ್ಪದ ಕಲ್ಲುಗಳನ್ನೇ ಹೆಚ್ಚಾಗಿ ಆರಿಸಿಕೊಂಡದ್ದು ಕಂಡುಬಂದಿತ್ತು. ಸಂದಿನ ಒಳಗೆ ಅಳೆಯಲು ಮೀನಿನ ತೊಟ್ಟಿಗೆ ಮಾರುವ, ಒಂದು ಮೀಟರ್ ತಂತಿಯ ಡಿಜಿಟಲ್ ಪ್ರೋಬ್ ತೆಗೆದುಕೊಳ್ಳಿ. ಕೆಲವೇ ನೂರು ರೂಪಾಯಿ, ಗನ್ನಿಗೆ ಸರಿಯಾದ ಜೊತೆ. ಕೋಲಿಗೆ ಕಟ್ಟಿ ಒಳಗೆ ತೂರಿಸಿ, ಕೈ ಹಾಕಬೇಡಿ, ಚೇಳೂ ಹಾವೂ ಅದೇ ತಂಪಿಗೆ ಬಂದಿರುತ್ತವೆ. ಕಲ್ಲು ಮಗುಚಬೇಡಿ. ಯಾವ ಓತಿಯನ್ನೂ ಹಿಡಿಯಬೇಡಿ. ಉಡವಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ.

ಮನೆ ಹಲ್ಲಿಗೆ ಗನ್ನು ಇನ್ನೂ ಚೆನ್ನಾಗಿ ಒದಗುತ್ತದೆ. ಕೆಲವೇ ಗ್ರಾಂ ತೂಕದ ಹಲ್ಲಿಯ ಮೈಬಿಸಿ ಅದು ಅಂಟಿಕೊಂಡ ಗೋಡೆಯದನ್ನೇ ಬೇಗ ಹಿಡಿಯುತ್ತದೆ. ಬಿಸಿಲಿಲ್ಲದ ರಾತ್ರಿಯಲ್ಲಿ ಗೋಡೆ ಅಳೆದರೆ ಸಾಕು. ಸೈಜುಗಲ್ಲಿನ ಪಶ್ಚಿಮದ ಗೋಡೆ ಸಂಜೆ ಏಳೆಂಟರವರೆಗೂ ಬಿಸಿ ಹಿಡಿದಿರುವುದು, ಪೂರ್ವದ ಗೋಡೆ ಅಷ್ಟರಲ್ಲಿ ತಣಿದಿರುವುದು ಎರಡು ಬಾರಿ ಟ್ರಿಗರ್ ಒತ್ತಿದರೆ ತಿಳಿಯುತ್ತದೆ. ಹಲ್ಲಿ ಯಾವ ಗೋಡೆಗೆ ಮೊದಲು ಬರುತ್ತದೆ ಎಂದು ಒಂದು ವಾರ ಗುರುತು ಹಾಕಿಕೊಳ್ಳಿ. ಬಲ್ಬಿನ ಬಳಿ ಮಾತ್ರ ಎಚ್ಚರ: ಅಲ್ಲಿ ಹುಳ ಸಿಗುತ್ತದೆಂದೂ ಹಲ್ಲಿ ಬರುತ್ತದೆ. ಕಿಟಕಿ ಗಾಜಿನಾಚೆಯ ಹಲ್ಲಿಗೆ ಗುರಿಯಿಟ್ಟರೆ ಬರುವುದು ಗಾಜಿನ ಬಿಸಿ, ಈ ಕಿರಣ ಗಾಜನ್ನು ದಾಟುವುದಿಲ್ಲ. ಶಿಡ್ಲಘಟ್ಟ ಕಡೆಯ ರೇಷ್ಮೆ ಮನೆಗಳವರು ಹಲ್ಲಿಯನ್ನು ಹುಳುವಿನ ಶತ್ರುವೆಂದೇ ಕಾಣುತ್ತಾರೆ. ಅಲ್ಲಿ ಗೋಡೆಗೆ ತೂಗುಹಾಕಿರುವ ಒಣ–ತೇವ ಬಲ್ಬಿನ ಥರ್ಮಾಮೀಟರ್ ಗಾಳಿಯದನ್ನು ಹೇಳುತ್ತದೆ, ಗನ್ನು ಗೋಡೆಯದನ್ನು. ಎರಡೂ ಒಂದೇ ಅಂಕಿ ಕೊಡಬೇಕೆಂದು ನಿರೀಕ್ಷಿಸುವುದು ತಪ್ಪು.

ಬೇರೆ ಯಾವುದು ಕೊಳ್ಳಬಹುದು? 8:1 ಗನ್ನು ಇನ್ನೂರು ಮುನ್ನೂರು ಉಳಿಸುತ್ತದೆ, ಆದರೆ ವೃತ್ತ ದೊಡ್ಡದು, ಬೇಡ. 30:1 ಗನ್ನು 1.2 ಮೀಟರಿನಲ್ಲಿ 4 ಸೆಂ.ಮೀ. ವೃತ್ತ ಕೊಡುತ್ತದೆ, ದೊಡ್ಡ ಉಡಕ್ಕೆ ಸಾಕು, ಬಂಡೆ ಓತಿಗೆ ಅದೂ ಸಾಲದು, ಬೆಲೆಯೂ ಹಲವು ಪಟ್ಟು. ಇಡೀ ದಿನದ ಏರಿಳಿತ ತಾನಾಗಿ ದಾಖಲಾಗಬೇಕೆಂದರೆ ಗುಂಡಿಯಷ್ಟು ಚಿಕ್ಕದಾದ ಐಬಟನ್‌ನಂಥ ಲಾಗರ್ ಸರಿ. ಅದರ ಡಿಎಸ್1921ಜಿ ಮಾದರಿ ಅರ್ಧ ಡಿಗ್ರಿ ಹಂತದಲ್ಲಿ 2,048 ಅಂಕಿ ಹಿಡಿಯುತ್ತದೆ, ಕಾಲು ಗಂಟೆಗೊಂದರಂತೆ 21 ದಿನಕ್ಕೆ ಬರುತ್ತದೆ. ಸಂಶೋಧಕರು ಓತಿಯ ಅಳತೆಯ ಟೊಳ್ಳು ತಾಮ್ರದ ಕೊಳವೆಗೆ ಓತಿಯ ಬಣ್ಣ ಬಳಿದು, ಒಳಗೆ ಲಾಗರ್ ಇಟ್ಟು ಬಂಡೆ ಮೇಲೆ ಬಿಡುತ್ತಾರೆ. ಆ ಜಾಗದಲ್ಲಿ ಅಲುಗದೆ ಕೂತ ಓತಿಯ ಮೈ ಎಷ್ಟು ಕಾದೀತು ಎಂಬುದು ಅದರಿಂದ ತಿಳಿಯುತ್ತದೆ. ಗನ್ನಿನಿಂದ ಆ ಉತ್ತರ ಎಂದಿಗೂ ಸಿಗದು, ಏಕೆಂದರೆ ಅದಕ್ಕೆ ಗಾಳಿ, ಬಿಸಿಲು, ಬಂಡೆ ಮೂರೂ ಸೇರಬೇಕು.

ಕೊಳ್ಳುವಾಗ ಆಗುವ ಎಡವಟ್ಟು ಒಂದೇ. ಕೊರೊನಾ ಕಾಲದಲ್ಲಿ ಬಂದ ಹಣೆಗೆ ಹಿಡಿಯುವ ಗನ್ನು ಇನ್ನೂ ಅಂಗಡಿಗಳಲ್ಲಿದೆ, ‘ಟೆಂಪರೇಚರ್ ಗನ್’ ಎಂದು ಕೇಳಿದರೆ ಅದನ್ನೇ ಕೊಟ್ಟುಬಿಡುತ್ತಾರೆ. ಅದು ಸಾಮಾನ್ಯವಾಗಿ 32ರಿಂದ 43ರವರೆಗೆ ಮಾತ್ರ ಅಳೆಯುತ್ತದೆ, ಹಣೆಯ ಅಂಕಿಯನ್ನು ಮೈಯೊಳಗಿನ ಬಿಸಿಗೆ ತಾನೇ ತಿದ್ದಿಯೂ ತೋರಿಸುತ್ತದೆ. ‘ಇಂಡಸ್ಟ್ರಿಯಲ್’ ಎಂದು ಕೇಳಿ. ಡಬ್ಬಿಯ ಮೇಲೆ ಮೈನಸ್ 50ರಿಂದ 300 ಅಥವಾ ಹೆಚ್ಚು ಎಂದೂ, 12:1 ಎಂದೂ ಇರಬೇಕು. ತುಮಕೂರು, ಚಿಕ್ಕಬಳ್ಳಾಪುರದ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ನಾಲ್ಕಾರು ಮಾದರಿ ಒಟ್ಟಿಗೆ ನೋಡಬಹುದು. ಅಂಗಡಿಯಲ್ಲೇ ಒಂದೇ ಗೋಡೆಯ ಒಂದೇ ಜಾಗಕ್ಕೆ ಹತ್ತು ಸಲ ಒತ್ತಿ ನೋಡಿ, ಅಂಕಿಗಳು ಅರ್ಧ ಡಿಗ್ರಿಗಿಂತ ಹೆಚ್ಚು ಕುಣಿದರೆ ಬೇರೆ ಪೀಸ್ ಕೇಳಿ. ಎಎಎ ಸೆಲ್ ಹಾಕುವ ಮಾದರಿ ಒಳ್ಳೆಯದು, 9 ವೋಲ್ಟ್ ಬ್ಯಾಟರಿ ಹಳ್ಳಿ ಅಂಗಡಿಗಳಲ್ಲಿ ಸಿಗುವುದು ಕಷ್ಟ. ರಸೀದಿ ಪಡೆದು, ಬದಲಾಯಿಸುವ ಗಡುವು ಮುಗಿಯುವುದರೊಳಗೆ ಐಸಿನ ಪರೀಕ್ಷೆಯನ್ನೂ 45 ಡಿಗ್ರಿಯ ನೀರಿನ ಪರೀಕ್ಷೆಯನ್ನೂ ಮಾಡಿ ಮುಗಿಸಿ.